ಕಾಲು ಮಡಚುವ ಸ್ಪಿಟ್‌ಫೈರ್

ಟ್ರಯಂಫ್ ಸ್ಪಿಟ್‌ಫೈರ್ ಅಂದರೆ ನಮ್ಮ ಕಡೆ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಆದರೆ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂದುನೋಡಿ, ಅರವತ್ತು ದಾಟಿದವರ ಮುಖ ಅರಳುತ್ತೆ. ಎರಡೂ ಒಂದೇ ಮನೆತನದವು. 1959ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಟ್ರಯಂಫ್ ಹೆರಾಲ್ಡ್ ಬಂತು. ಅದರ ಚಾಸಿಯನ್ನು ಮೋಟು ಮಾಡಿ, ಅದೇ ಸಸ್ಪೆನ್ಷನ್ ಉಳಿಸಿಕೊಂಡು, 1962ರಲ್ಲಿ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಅದೇ ಸ್ಪಿಟ್‌ಫೈರ್. ಎರಡರ ವಿನ್ಯಾಸವೂ ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ಅವರದು. ಹೆರಾಲ್ಡ್ ಮುಂದೆ ಮದ್ರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಿಗೂ ಬಂತು. ಮೈಸೂರಿನ ನಮ್ಮ ತಾತನ ಮನೆ ಮುಂದೆಯೂ ಒಂದು ನಿಂತಿತ್ತಂತೆ.

ನಾನು ಈಗ ಕೊವೆಂಟ್ರಿಯಲ್ಲೇ ಕೆಲಸದಲ್ಲಿದ್ದೀನಿ. ಆ ಕಾರ್ಖಾನೆ ಇದ್ದ ಕ್ಯಾನ್ಲಿಯಲ್ಲಿ ಇವತ್ತು ಆಫೀಸು, ಗೋದಾಮುಗಳಿವೆ. ಒಂದು ರಸ್ತೆಗೆ ಮಾತ್ರ ಹೆರಾಲ್ಡ್ ಅವೆನ್ಯೂ ಅಂತ ಹೆಸರಿದೆ. ಎರಡು ವರ್ಷದ ಹಿಂದೆ 1969ರ ಸ್ಪಿಟ್‌ಫೈರ್ ಮಾರ್ಕ್ 3 ಒಂದನ್ನು ಕೊಂಡೆ. ಎಂಜಿನ್ ಚೆನ್ನಾಗಿತ್ತು. ಓಡಿಸಿದರೆ ಮಾತ್ರ ದೋಣಿಯಲ್ಲಿ ಕೂತ ಹಾಗೆ. ಬ್ರೇಕ್ ಒತ್ತಿದರೆ ಮೂಗು ತಗ್ಗುತ್ತಿತ್ತು, ತಿರುವಿನಲ್ಲಿ ಹಿಂಭಾಗ ತನ್ನಿಷ್ಟದಂತೆ ನಡೆಯುತ್ತಿತ್ತು. ಅಪ್ಪ ಅಮ್ಮ ಆಗಸ್ಟಿನಲ್ಲಿ ಬರುವವರಿದ್ದರು. ಅಪ್ಪನಿಗೆ ಈ ಕಾರಿನಲ್ಲಿ ಕೂರಬೇಕು ಅಂತ ಆಸೆ. ಅಷ್ಟರೊಳಗೆ ಇದು ನಂಬಿ ಕೂರುವಂತಾಗಬೇಕಿತ್ತು.

ಹಳೇ ಕಾರಿನ ಸಸ್ಪೆನ್ಷನ್ ಅಂದ ಕೂಡಲೇ ಎಲ್ಲರೂ ಅಪ್‌ಗ್ರೇಡ್ ಪಟ್ಟಿ ಹಿಡಿದು ಬರ್ತಾರೆ. ಗಿಡ್ಡ ಸ್ಪ್ರಿಂಗ್, ಅಡ್ಜಸ್ಟ್ ಮಾಡಬಹುದಾದ ಶಾಕ್ ಅಬ್ಸಾರ್ಬರ್, ಬಣ್ಣಬಣ್ಣದ ಪಾಲಿಯುರಿಥೇನ್ ಬುಷ್. ನನಗೆ ಆ ಆತುರ ಇರಲಿಲ್ಲ. ಐವತ್ತು ವರ್ಷದ ರಬ್ಬರ್ ಬುಷ್ ಒಣಗಿ ಚೂರಾಗಿರುವಾಗ ಕಾರು ಹೊಸದಿದ್ದಾಗ ಹೇಗೆ ಓಡ್ತಿತ್ತು ಅನ್ನೋದೇ ನಮಗೆ ಗೊತ್ತಿರಲ್ಲ. ಗೊತ್ತಿಲ್ಲದ್ದನ್ನು ಸುಧಾರಿಸೋದು ಹೇಗೆ? ಕೋಡ್ ಬರೆಯೋ ಕೆಲಸದಲ್ಲೂ ಇದೇ ಕಥೆ. ಮೊದಲು ಇದ್ದದ್ದು ಇದ್ದ ಹಾಗೆ ಕೆಲಸ ಮಾಡಲಿ, ಆಮೇಲೆ ಬದಲಾವಣೆ.

ಈ ಕಾರಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತೆ. ಟೈರಿನ ಮೇಲೆ ಕೂತುಕೊಂಡೇ ಮುಂದಿನ ಸಸ್ಪೆನ್ಷನ್ ನೋಡಬಹುದು. ಅಲ್ಲಿ ಚಕ್ರವನ್ನು ಹೊತ್ತು ನೆಟ್ಟಗೆ ನಿಂತಿರುವ ಒಂದು ಉಕ್ಕಿನ ತುಂಡಿದೆ. ಅದರ ಕೆಳತುದಿಯ ಮರೆ, ಟ್ರನಿಯನ್ ಅನ್ನೋ ಹಿತ್ತಾಳೆಬಣ್ಣದ ಒಂದು ಗಟ್ಟಿಯೊಳಗೆ ಸ್ಕ್ರೂ ಥರ ಕೂತಿರುತ್ತೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಉಕ್ಕು ಆ ಮರೆಯಲ್ಲೇ ತಿರುಗಬೇಕು. ಹೆರಾಲ್ಡ್, ಸ್ಪಿಟ್‌ಫೈರ್ ಎರಡೂ ಎಂಟು ಮೀಟರಿಗೂ ಕಡಿಮೆ ಜಾಗದಲ್ಲಿ ಒಂದು ಸುತ್ತು ತಿರುಗುತ್ತವೆ. ಚಕ್ರ ಅಷ್ಟು ಓರೆಯಾಗುವಾಗ ಭಾರವೆಲ್ಲ ಬೀಳೋದು ಇದರ ಮೇಲೆಯೇ.

ಇದಕ್ಕೆ ಬೇಕಾಗಿರೋದು ಗೇರ್ ಆಯಿಲ್. ಆದರೆ ಗ್ರೀಸ್ ಗನ್ ಕೈಗೆ ಸಿಕ್ಕವರೆಲ್ಲ ಗ್ರೀಸ್ ತುಂಬ್ತಾರೆ. ಗ್ರೀಸ್ ಗಟ್ಟಿಯಾಗಿ ದಾರಿ ಮುಚ್ಚುತ್ತೆ, ಕೆಳಗೆ ನೀರು ನಿಲ್ಲುತ್ತೆ, ಮರೆಯ ಬುಡದಲ್ಲಿ ಉಕ್ಕು ತುಕ್ಕು ಹಿಡಿಯುತ್ತೆ. ಒಂದು ದಿನ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಪಟ್ ಅಂತ ಮುರಿದು ಚಕ್ರ ಕಾರಿನಡಿ ಮಲಗುತ್ತೆ. ಪಾರ್ಕಿಂಗ್ ಜಾಗದಲ್ಲಾದರೆ ಪುಣ್ಯ. ನನ್ನ ಕಾರಿನ ಬಲಗಡೆಯದು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ, ಮರೆ ಶುರುವಾಗುವಲ್ಲಿ ಉಗುರಿಗೆ ಸಿಗುವಷ್ಟು ಆಳದ ಗುಳಿಗಳು ಸುತ್ತಲೂ ಕಂಡವು. ಇಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಿಲ್ಲ. ಅಂದರೆ ಇದನ್ನು ಯಾರೂ ಹಿಡಿಯುತ್ತಿರಲಿಲ್ಲ. ಎರಡೂ ಕಡೆ ಉಕ್ಕು, ಟ್ರನಿಯನ್ ಹೊಸದೇ ಹಾಕಿದೆ. ಎಡಗಡೆ ಬಲಗಡೆ ಮರೆಗಳು ಬೇರೆಬೇರೆ ದಿಕ್ಕಿನವು, ಅದಲುಬದಲು ಮಾಡುವಂತಿಲ್ಲ.

ಬುಷ್‌ಗಳಿಗೆ ಮತ್ತೆ ರಬ್ಬರನ್ನೇ ಆರಿಸಿಕೊಂಡೆ. ಪಾಲಿಯುರಿಥೇನ್ ಹೆಚ್ಚು ಬಾಳಬಹುದು, ಆದರೆ ಗಟ್ಟಿ. ರಸ್ತೆಯ ಹಳ್ಳವೆಲ್ಲ ಬೆನ್ನಿಗೆ ವರದಿ ಮಾಡುತ್ತೆ. ರಬ್ಬರಿನಲ್ಲಿ ಒಂದು ಸೂಕ್ಷ್ಮ ಇದೆ. ಕಾರು ತನ್ನ ಚಕ್ರದ ಮೇಲೆ ಭಾರ ಬಿಟ್ಟು ನಿಂತ ಮೇಲೆಯೇ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿಯಬೇಕು. ಜಾಕಿನ ಮೇಲಿರುವಾಗಲೇ ಬಿಗಿದರೆ ಇಳಿಸಿದಾಗ ರಬ್ಬರು ತಿರುಚಿಕೊಂಡೇ ಕೂತು ಬೇಗ ಹರಿಯುತ್ತೆ.

ಅಷ್ಟಾದ ಮೇಲೆ ಮೂಗು ತಗ್ಗೋದು ನಿಂತಿತು. ಹಿಂಭಾಗದ ಕಥೆ ಬೇರೆ. ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ನಕ್ಕರು.

"ಹೆರಾಲ್ಡ್ ಕಾಲು ಮಡಚ್ತಿತ್ತು ಕಣೋ. ಜಾಕ್‌ನಿಂದ ಇಳಿಸಿದ್ರೆ ಹಿಂದಿನ ಚಕ್ರ ಎರಡೂ ಒಳಗೆ ಮಡಚ್ಕೊಂಡು ನಿಂತಿರ್ತಿತ್ತು. ಒಂದು ಹತ್ತು ಹೆಜ್ಜೆ ತಳ್ಳಿದ್ರೆ ಆಮೇಲೆ ಸರಿಹೋಗ್ತಿತ್ತು."

"ತಿರುವಿನಲ್ಲಿ ಏನೂ ಆಗ್ತಿರ್ಲಿಲ್ವಾ ಅಪ್ಪಾ?"

"ನಿಮ್ಮ ತಾತ ಎಲ್ಲಿ ಅಷ್ಟು ಜೋರಾಗಿ ಓಡಿಸ್ತಿದ್ರು!"

ಅಪ್ಪ ಹೇಳಿದ್ದೇ ಇದರ ಮೂಲ. ಎತ್ತಿನಗಾಡಿಯಲ್ಲಿ ಎರಡು ಚಕ್ರಕ್ಕೂ ಒಂದೇ ಅಚ್ಚು, ಹಾಗಾಗಿ ಚಕ್ರ ನೆಟ್ಟಗಿರುತ್ತೆ. ಇಲ್ಲಿ ಅಚ್ಚು ಎರಡು ತುಂಡು, ಕೊಡೆಯ ಕಡ್ಡಿಯ ಹಾಗೆ ನಡುವಿನಲ್ಲಿ ಮಾತ್ರ ಕೀಲು. ತಿರುವಿನಲ್ಲಿ ಜೋರಾಗಿದ್ದಾಗ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಮೇಲೇಳುತ್ತೆ, ಕೊಡೆ ಮಡಚಿದ ಹಾಗೆ ಹೊರಗಿನ ಚಕ್ರ ಕೆಳಗೆ ಮಡಚಿಕೊಳ್ಳುತ್ತೆ. ಟೈರಿನ ಅಂಚು ಮಾತ್ರ ರಸ್ತೆಯ ಮೇಲೆ. ಕಾರು ಗಿರ್ರನೆ ತಿರುಗಲು ಅಷ್ಟು ಸಾಕು. ಅಮೆರಿಕದಲ್ಲಿ ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಷೆವ್ರೊಲೆ ಕಾರ್ವೇರ್ ಬಗ್ಗೆ ಗಲಾಟೆ ಎಬ್ಬಿಸಿದ್ದೂ ಇದೇ ಬಗೆಯ ಅಚ್ಚಿನ ಮೇಲೆ.

ಒಂದೇ ರೋಗಕ್ಕೆ ಎರಡು ಊರು ಎರಡು ಮದ್ದು ಕೊಟ್ಟವು. ಮದ್ರಾಸಿನವರು 1972ರಲ್ಲಿ ಹೆರಾಲ್ಡನ್ನೇ ಬದಲಿಸಿ ಗೆಜೆಲ್ ತಂದಾಗ ಕೀಲಿನ ಅಚ್ಚನ್ನು ಕಿತ್ತೆಸೆದು ಗಟ್ಟಿ ಅಚ್ಚು ಹಾಕಿದರು. ನಮ್ಮ ಮೆಕ್ಯಾನಿಕ್‌ಗಳಿಗೂ ಮಾಲೀಕರಿಗೂ ಅದೇ ಇಷ್ಟವಾಗಿತ್ತು. ಕೊವೆಂಟ್ರಿಯವರು 1970ರ ಕೊನೆಗೆ ಬಂದ ಮಾರ್ಕ್ 4ರಲ್ಲಿ ಅಚ್ಚು ಮುಟ್ಟಲಿಲ್ಲ. ಡಿಫರೆನ್ಷಿಯಲ್ ಮೇಲೆ ಅಡ್ಡ ಮಲಗಿರುವ ಲೀಫ್ ಸ್ಪ್ರಿಂಗನ್ನು ಮಾತ್ರ ಬದಲಿಸಿದರು. ಕೆಳಗಿನ ಒಂದು ಪಟ್ಟಿ ಬಿಗಿಯಾಗಿ, ಉಳಿದವು ಒಂದು ಪೆಟ್ಟಿಗೆಯೊಳಗೆ ತೊಟ್ಟಿಲಿನಂತೆ ಓಲಾಡುವ ಹಾಗೆ. ಇದಕ್ಕೆ ಸ್ವಿಂಗ್ ಸ್ಪ್ರಿಂಗ್ ಅಂತ ಹೆಸರು. ಕಾರು ವಾಲಿದಾಗ ಸ್ಪ್ರಿಂಗ್ ಅದನ್ನು ಅಷ್ಟಾಗಿ ತಡೆಯಲ್ಲ, ಹಾಗಾಗಿ ಹಿಂಭಾಗ ಎಗರೋದೂ ಕಡಿಮೆ. ಕಡಿಮೆಯಾದ ಆ ಬಿಗಿಯನ್ನು ಮುಂದೆ ದಪ್ಪನೆಯ ಆ್ಯಂಟಿರೋಲ್ ಬಾರ್ ಹಾಕಿ ತುಂಬಿದರು.

ನನ್ನ ಕಾರಿಗೆ ಮಾಡಿದ ನಿಜವಾದ ಅಪ್‌ಗ್ರೇಡ್ ಅಂದರೆ ಇವೆರಡೇ. ಸೀಟಿನ ಹಿಂದೆ ಕಾರ್ಪೆಟ್ ಎತ್ತಿ ತಗಡಿನ ಮುಚ್ಚಳ ತೆಗೆದರೆ ಸ್ಪ್ರಿಂಗಿನ ನಟ್ಟುಗಳು ಸಿಗುತ್ತವೆ. ಹಳೇ ಸ್ಪ್ರಿಂಗಿನ ಎರಡು ತುದಿಯನ್ನೂ ಜಾಕ್ ಕೊಟ್ಟು ನಿಧಾನ ಸಡಿಲಿಸಬೇಕು. ಅದರಲ್ಲಿ ಅಡಗಿರೋ ಬಿಗಿ ಕೈ ಮುರಿಯುವಷ್ಟಿದೆ, ಒಬ್ಬರೇ ಮಾಡುವ ಕೆಲಸ ಅಲ್ಲ. ಪಕ್ಕದ ಮನೆಯ ನಿವೃತ್ತ ಫಿಟ್ಟರ್ ಒಬ್ಬರು ಬಂದು ಇನ್ನೊಂದು ತುದಿ ಹಿಡಿದರು. ಕೂಲಿಯಾಗಿ ಕೇಳಿದ್ದು ನಮ್ಮನೆ ಫಿಲ್ಟರ್ ಕಾಫಿ.

ಈಗ ತಿರುವಿನಲ್ಲಿ ಕಾಲು ತೆಗೆದರೆ ಹಿಂಭಾಗ ಸ್ವಲ್ಪ ಜಗ್ಗಿದಂತಾಗುತ್ತೆ, ಅಷ್ಟೇ. ಹಾಗಂತ ಇದು ಇವತ್ತಿನ ಕಾರಾಗಲಿಲ್ಲ. ಕೀಲು ಇದ್ದಲ್ಲೇ ಇದೆ. ಮಳೆಯಲ್ಲಿ ರೌಂಡ್‌ಅಬೌಟ್‌ಗೆ ಬರುವ ಮೊದಲೇ ವೇಗ ಇಳಿಸಬೇಕು, ಒಳಗೆ ಹೋದ ಮೇಲಲ್ಲ. ಆಗಸ್ಟಿನಲ್ಲಿ ಅಪ್ಪ ಕೂತಾಗ ಮೊದಲು ಹೇಳಿದ್ದು ಸೀಟು ತುಂಬಾ ತಗ್ಗು ಅಂತ. ಅಮ್ಮ ಹತ್ತಲೇ ಇಲ್ಲ, ಹತ್ತಿದರೆ ಇಳಿಯೋದು ಹೇಗೆ ಅಂತ.

ಬೆಂಗಳೂರು, ಮೈಸೂರು ಕಡೆ ಇನ್ನೂ ಹೆರಾಲ್ಡ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ನಿಮ್ಮ ಕಾರಿನಲ್ಲಿರೋದೂ ಅದೇ ಟ್ರನಿಯನ್. ಮುಂಭಾಗ ಜಾಕ್ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಕೆಳಗಿನ ಸಣ್ಣ ಬೋಲ್ಟು ಬಿಚ್ಚಿ, ಗ್ರೀಸ್ ಅಲ್ಲ, 90ರ ಗೇರ್ ಆಯಿಲ್ಲನ್ನು ಮೇಲಿನಿಂದ ಒಸರುವವರೆಗೂ ತುಂಬಿಸಿ. ಒಸರದಿದ್ದರೆ ಒಳಗೆ ಹಳೇ ಗ್ರೀಸ್ ಕಟ್ಟಿದೆ ಅಂತ ತಿಳ್ಕೊಂಡು ಪೂರ್ತಿ ಬಿಚ್ಚಿಸಿ.