ಅಡುಗೆಮನೆಯ ಅಳತೆ

ಹಳೆಯ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕೆಂಬ ಬಯಕೆ ಮೂಡಿದೊಡನೆ ಮನೆಮಂದಿ ಮೊದಲು ಮಾತನಾಡುವುದು ಕಲ್ಲಿನ ಬಣ್ಣವನ್ನು ಕುರಿತು. ಆಮೇಲೆ ಬೆಲೆಯನ್ನು ಕುರಿತು. ಅಳತೆಯ ಮಾತು ಬರುವುದು ಮೇಸ್ತ್ರಿಯು ಬಾಗಿಲಲ್ಲಿ ಬಂದು ನಿಂತ ಮೇಲೆಯೇ. ಅವನು ಒಮ್ಮೆ ಟೇಪನ್ನು ಎಳೆದು, ಒಂದೆರಡು ಸಂಖ್ಯೆಗಳನ್ನು ಗೋಡೆಯ ಮೇಲೆ ಗೀಚಿ ಹೊರಟುಹೋಗುತ್ತಾನೆ. ಸುಣ್ಣ ಬಳಿದ ದಿನ ಆ ಸಂಖ್ಯೆಗಳು ಮರೆಯಾಗುತ್ತವೆ. ಅವುಗಳಲ್ಲಿದ್ದ ತಪ್ಪು ಮಾತ್ರ ಕಲ್ಲಿನಲ್ಲಿ ಉಳಿಯುತ್ತದೆ. ದಿನಕ್ಕೆ ಮೂರು ಹೊತ್ತು, ಹಲವು ವರ್ಷಗಳ ಕಾಲ, ಆ ತಪ್ಪಿನ ಮುಂದೆ ನಿಂತು ದುಡಿಯಬೇಕಾದವರು ಅಡುಗೆ ಮಾಡುವವರು.

ನೆಲದ ಮೇಲಿನ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಬೇಯಿಸುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಹೊಗೆಯ ಕಷ್ಟವಿತ್ತು, ನಿಜ. ಆದರೆ ಎತ್ತರಕ್ಕೆ ತಕ್ಕ ಮಣೆಯನ್ನು ಎಳೆದುಕೊಳ್ಳುವ ಸ್ವಾತಂತ್ರ್ಯವೂ ಇತ್ತು. ಗ್ಯಾಸಿನ ಒಲೆ ಬಂದು, ಒಲೆಯು ಕಟ್ಟೆಯನ್ನೇರಿದ ಮೇಲೆ, ಎತ್ತರವು ಗಾರೆಯಲ್ಲಿ ಶಾಶ್ವತವಾಗಿ ನಿಂತುಬಿಟ್ಟಿತು.

ಅಡುಗೆಮನೆಯನ್ನು ಅಳೆದು ನೋಡಿ ರೂಪಿಸಿದವರಲ್ಲಿ ಆಸ್ಟ್ರಿಯ ದೇಶದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟೆ-ಲಿಹೊಟ್ಸ್ಕಿ ಅವರ ಹೆಸರು ಪ್ರಸಿದ್ಧವಾದುದು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ 1926ರಲ್ಲಿ ಅವರು ರಚಿಸಿದ ಅಡುಗೆಮನೆಯ ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ರೈಲುಗಾಡಿಯ ಇಕ್ಕಟ್ಟಾದ ಭೋಜನಗೃಹದಲ್ಲಿ ಅಡುಗೆಯವರು ಹೆಚ್ಚು ಹೆಜ್ಜೆಯಿಡದೆ ಕೆಲಸ ಪೂರೈಸುವ ಬಗೆ ಅವರಿಗೆ ಮಾದರಿಯಾಯಿತು. ಅಂತಹ ಅಡುಗೆಮನೆಗಳು ಸುಮಾರು ಹತ್ತು ಸಾವಿರ ನಿರ್ಮಾಣವಾದವು. ಒಬ್ಬರಿಗಿಂತ ಹೆಚ್ಚು ಮಂದಿ ಅದರೊಳಗೆ ಒಟ್ಟಿಗೆ ಕೆಲಸ ಮಾಡಲಾಗದೆಂಬ ಆಕ್ಷೇಪವೂ ಮುಂದೆ ಬಂದಿತು. ಅತ್ತೆ, ಸೊಸೆ, ಮಗಳು ಕೂಡಿ ಹಬ್ಬದ ಹೋಳಿಗೆ ಮಾಡುವ ನಮ್ಮ ಮನೆಗಳಿಗೆ ಆ ಆಕ್ಷೇಪದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಅಳೆಯಲು ಬೇಕಾದುದು ಉಕ್ಕಿನ ಟೇಪು, ಪೆನ್ಸಿಲು, ಚೌಕುಳಿ ಕಾಗದ ಮತ್ತು ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಒಬ್ಬ ಸಹಾಯಕ. ಮೊದಲು ಕೋಣೆಯ ಆಕಾರವನ್ನು ಕೈಯಿಂದಲೇ ಸ್ಥೂಲವಾಗಿ ಬರೆದುಕೊಂಡು, ಬಾಗಿಲು, ಕಿಟಕಿ, ಕಂಬಗಳನ್ನು ಗುರುತಿಸಿ, ಅನಂತರ ಸಂಖ್ಯೆಗಳನ್ನು ತುಂಬಬೇಕು. ಯಾವುದಾದರೂ ಒಂದೇ ಮಾನವನ್ನು ಹಿಡಿದುಕೊಳ್ಳುವುದು ಮುಖ್ಯ. 1956ರ ಶಾಸನದಿಂದ ನಮ್ಮ ದೇಶಕ್ಕೆ ಮೆಟ್ರಿಕ್ ಪದ್ಧತಿ ಬಂದಿತಾದರೂ ಮೇಸ್ತ್ರಿಗಳ ನಾಲಗೆಯ ಮೇಲೆ ಅಡಿ ಅಂಗುಲಗಳೇ ಇನ್ನೂ ನಲಿಯುತ್ತಿವೆ. ಎಂಟು ಅಡಿ ಮೂರು ಅಂಗುಲವನ್ನು 8.3 ಅಡಿ ಎಂದು ಬರೆದುಕೊಂಡರೆ ಅಷ್ಟರಿಂದಲೇ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಗೋಡೆಯನ್ನು ತುಂಡುತುಂಡಾಗಿ ಅಳೆದು ಕೂಡುವುದೂ ಅಪಾಯಕರವೇ. ಪ್ರತಿ ತುಂಡಿನ ಚಿಕ್ಕ ತಪ್ಪು ಮೊತ್ತದಲ್ಲಿ ದೊಡ್ಡದಾದೀತು. ಒಂದು ಮೂಲೆಯಲ್ಲಿ ಟೇಪನ್ನು ಊರಿ, ಕದಲಿಸದೆ, ಬಾಗಿಲ ಅಂಚು, ಕಿಟಕಿಯ ಅಂಚು, ಕೊನೆಯ ಮೂಲೆ ಎಂದು ಒಂದೇ ಓಟದಲ್ಲಿ ಓದಿಕೊಳ್ಳುವುದು ಲೇಸು.

ಗೋಡೆಗಳು ಒಂದಕ್ಕೊಂದು ಲಂಬವಾಗಿವೆಯೆಂದು ಕಣ್ಣು ನಂಬುತ್ತದೆ. ಹಳೆಯ ಮನೆಗಳಲ್ಲಿ ಅದು ಬಹುಮಟ್ಟಿಗೆ ಸುಳ್ಳು. ಇದನ್ನು ಪರೀಕ್ಷಿಸಲು ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವೇ ಸಾಕು. ಮೂಲೆಯಿಂದ ಒಂದು ಗೋಡೆಗುಂಟ 90 ಸೆಂಟಿಮೀಟರಿಗೂ ಇನ್ನೊಂದರ ಗುಂಟ 120 ಸೆಂಟಿಮೀಟರಿಗೂ ಗುರುತು ಹಾಕಿ, ಗುರುತುಗಳ ನಡುವಣ ದೂರವನ್ನು ಅಳೆಯಬೇಕು. ಅದು 150 ಆದರೆ ಮೂಲೆ ಲಂಬ. 153 ಬಂದಿತೆನ್ನಿ, ಆಗ ಕೋನವು ತೊಂಬತ್ತು ಡಿಗ್ರಿಗಿಂತ ಎರಡು ಡಿಗ್ರಿಗೂ ಮಿಕ್ಕಿ ಹಿಗ್ಗಿದೆ. 60 ಸೆಂಟಿಮೀಟರ್ ಅಗಲದ ಕಲ್ಲನ್ನು ಚೌಕವಾಗಿ ಕೊಯ್ಸಿ ತಂದು ಹಿಂಗೋಡೆಗೆ ಒತ್ತಿದರೆ, ಅದರ ಮುಂದಿನ ಅಂಚಿನಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಸಂದು ಬಿಡುತ್ತದೆ. ಜಿರಳೆಗೆ ಅದು ಮಹಾದ್ವಾರ. ಕೋನ ಕುಗ್ಗಿದ್ದರಂತೂ ಕಲ್ಲು ಒಳಗೆ ಕೂರುವುದೇ ಇಲ್ಲ.

ನೆಲದ ನಕ್ಷೆಯಷ್ಟೇ ಸಾಲದು. ಪ್ರತಿ ಗೋಡೆಯನ್ನೂ ಎದುರಿನಿಂದ ಕಂಡಂತೆ ಬೇರೆಬೇರೆಯಾಗಿ ಬರೆಯಬೇಕು. ಕಿಟಕಿಯ ಕೆಳಗಟ್ಟು ನೆಲದಿಂದ ಎಷ್ಟು ಎತ್ತರದಲ್ಲಿದೆ, ನಲ್ಲಿ ಎಲ್ಲಿದೆ, ಬಚ್ಚಲಿನ ನೀರು ಯಾವ ಕಡೆಗೆ ಹರಿಯುತ್ತದೆ, ವಿದ್ಯುತ್ತಿನ ಗುಂಡಿಗಳು ಎಲ್ಲಿವೆ ಎಂಬುವೆಲ್ಲ ಅಲ್ಲಿ ದಾಖಲಾಗಬೇಕು. ಗ್ಯಾಸ್ ಸಿಲಿಂಡರಿನ ಸ್ಥಳವನ್ನು ವಿಶೇಷವಾಗಿ ಯೋಚಿಸತಕ್ಕದ್ದು. ಆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲೇರದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆದುದರಿಂದ ಸಿಲಿಂಡರನ್ನು ಮುಚ್ಚಿದ ಗೂಡಿನಲ್ಲಿ ಬಂಧಿಸಬಾರದು. ಅದು ನೆಟ್ಟಗೆ ನಿಲ್ಲುವಂತೆ, ಅದಕ್ಕಿಂತ ಒಲೆ ಎತ್ತರದಲ್ಲಿರುವಂತೆ, ನೆಲಮಟ್ಟದಲ್ಲಿ ಗಾಳಿಯಾಡುವಂತೆ ಸ್ಥಳ ಬಿಡಬೇಕು.

ಇಷ್ಟೆಲ್ಲ ಅಳೆದವರೂ ಅಳೆಯದೆ ಬಿಡುವುದು ಅಡುಗೆ ಮಾಡುವವರನ್ನು. ಕಟ್ಟೆಯು ಬಹಳ ತಗ್ಗಾದರೆ ಬೆನ್ನು ಬಾಗುತ್ತದೆ; ಎತ್ತರವಾದರೆ ಸಾರು ಕದಡುವ ತೋಳು ಹೆಗಲವರೆಗೂ ಎತ್ತಿ ನೋಯುತ್ತದೆ. ಅವರನ್ನು ನೆಟ್ಟಗೆ ನಿಲ್ಲಿಸಿ, ಮೊಣಕೈಯನ್ನು ಮಡಿಸಲು ಹೇಳಿ, ನೆಲದಿಂದ ಮೊಣಕೈವರೆಗಿನ ಎತ್ತರವನ್ನು ಅಳೆದು, ಅದರಲ್ಲಿ ಹತ್ತರಿಂದ ಹದಿನೈದು ಸೆಂಟಿಮೀಟರ್ ಕಳೆದರೆ ಕಟ್ಟೆಗೆ ಒಪ್ಪುವ ಎತ್ತರ ದೊರೆಯುತ್ತದೆ. ಮೊಣಕೈ 95 ಸೆಂಟಿಮೀಟರಿನಲ್ಲಿದ್ದರೆ ಕಟ್ಟೆ 80ರಿಂದ 85 ಇರಬಹುದು. ಮೇಸ್ತ್ರಿಯ ಮೊಣಕೈ ಇಲ್ಲಿ ಪ್ರಮಾಣವಲ್ಲ. ಒಲೆಯ ಮೇಲೆ ಕುಕ್ಕರನ್ನಿಟ್ಟು ಒಳಗೆ ಇಣುಕಬೇಕಾದವರು ಗಿಡ್ಡಗಿದ್ದರೆ ಒಲೆಯ ಭಾಗವನ್ನಷ್ಟೇ ಕೊಂಚ ತಗ್ಗಿಸುವುದೂ ಉಂಟು.

ಕೊನೆಗೆ ಇಪ್ಪತ್ತಕ್ಕೊಂದರ ಪ್ರಮಾಣದಲ್ಲಿ ಶುದ್ಧ ನಕ್ಷೆಯನ್ನು ಬರೆಯಬೇಕು. ಮೂರು ಮೀಟರಿನ ಗೋಡೆ ಆಗ ಕಾಗದದ ಮೇಲೆ 15 ಸೆಂಟಿಮೀಟರ್ ಆಗುತ್ತದೆ. ಬಾಗಿಲು ತೆರೆಯುವ ಕಂಸವನ್ನೂ ಎಳೆಯಬೇಕು. ಇಲ್ಲವಾದರೆ ಬಾಗಿಲು ಹೋಗಿ ತಂಗಳುಪೆಟ್ಟಿಗೆಗೆ ಬಡಿಯುವುದು ಗೃಹಪ್ರವೇಶದ ದಿನವೇ ತಿಳಿಯುತ್ತದೆ. ಒಲೆ, ತೊಟ್ಟಿ, ರುಬ್ಬುವ ಯಂತ್ರಗಳಿಗೆ ಅದೇ ಪ್ರಮಾಣದ ರಟ್ಟಿನ ತುಂಡುಗಳನ್ನು ಕತ್ತರಿಸಿ ನಕ್ಷೆಯ ಮೇಲಿಟ್ಟು, ಅಡುಗೆ ಮಾಡುವವರ ಮುಂದೆ ಚಾಚಬೇಕು. ಅವರು ತೊಟ್ಟಿಯ ರಟ್ಟನ್ನು ಬೆರಳಿನಿಂದ ಎರಡು ಸೆಂಟಿಮೀಟರ್ ಸರಿಸಿದರೆ ನಿಜದಲ್ಲಿ ಅದು ನಲವತ್ತು ಸೆಂಟಿಮೀಟರ್ ಸರಿದಂತೆ. ಕಾಗದದ ಮೇಲೆ ಅದಕ್ಕೆ ಖರ್ಚಿಲ್ಲ. ಕೆಲಸ ಮುಗಿದ ಮೇಲೂ ಆ ಕಾಗದವನ್ನು ಎಸೆಯದೆ, ಗೋಡೆಯೊಳಗೆ ಹುದುಗಿದ ಕೊಳವೆ ತಂತಿಗಳ ದಾರಿಯನ್ನು ಕೆಂಪು ಗೆರೆಯಿಂದ ಅದರಲ್ಲಿ ಗುರುತಿಸಿ, ಮನೆಯ ಪತ್ರಗಳೊಡನೆ ಇರಿಸತಕ್ಕದ್ದು. ಹಲವು ವರ್ಷಗಳ ಮೇಲೆ ಯಾರೋ ಒಬ್ಬರು ಸೌಟುಗಳನ್ನು ತೂಗುಹಾಕಲೆಂದು ಆ ಗೋಡೆಗೆ ಮೊಳೆ ಹೊಡೆಯಲು ಸುತ್ತಿಗೆಯನ್ನೆತ್ತುತ್ತಾರೆ.