ಸೊಲ್ಲಾಪುರ ಸೀಮೆಯ ಹಳೆಯ ಭೋಂಗಾಗಳು

ಭೋಂಗಾ ಎಂಬ ಶಬ್ದ ಕಾಸರಗೋಡಿನ ಓದುಗರಿಗೆ ಹೊಸತಾಗಿ ಕೇಳಿಸೀತು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಕನ್ನಡಿಗರಿರಲಿ ಮರಾಠಿಗರಿರಲಿ, ಕಹಳೆಯಾಕಾರದ ಧ್ವನಿವರ್ಧಕವನ್ನು ಕರೆಯುವುದು ಹೀಗೆಯೇ. ಹಿಂದೆ ಬಟ್ಟೆ ಗಿರಣಿಗಳಲ್ಲಿ ಪಾಳಿ ಬದಲಾಗುವಾಗ ಕೂಗುತ್ತಿದ್ದ ಸೀಟಿಗೂ ಅದೇ ಹೆಸರು. ಗಿರಣಿಗಳು ಒಂದೊಂದಾಗಿ ಮುಚ್ಚಿ ಆ ಭೋಂಗಾ ನಿಂತುಹೋಯಿತು. ಈಚಿನ ವರ್ಷಗಳಲ್ಲಿ ಒಂಟಿ ಪರದೆಯ ಟಾಕೀಸುಗಳೂ ಬಾಗಿಲು ಹಾಕುತ್ತಿರುವುದರಿಂದ ಇನ್ನೊಂದು ಬಗೆಯ ಭೋಂಗಾ ಗುಜರಿ ಅಂಗಡಿಯ ದಾರಿ ಹಿಡಿದಿದೆ. ಈ ಲೇಖನ ಆ ಎರಡನೆಯದರ ಕುರಿತಾದದ್ದು.

ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಭೋಂಗಾ ಬೇರೆ, ಟಾಕೀಸಿನ ಪರದೆಯ ಹಿಂದಿದ್ದದ್ದು ಬೇರೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮಗು ಕಳೆದಿದೆ ಎಂದು ಸಾರುವುದಕ್ಕೆ ಒಂದೇ ಯೂನಿಟ್ಟಿನ ಕಹಳೆ ಸಾಕು. ಅದರಲ್ಲಿ ಮದ್ದಳೆಯ ಗುಮುಕು ಕೇಳಿಸುವುದಿಲ್ಲ, ಕೇಳಿಸಬೇಕೆಂದು ಯಾರೂ ಬಯಸುವುದೂ ಇಲ್ಲ. ಟಾಕೀಸಿಗಾದರೋ ನಾಯಕಿಯ ಪಿಸುಮಾತೂ ಬೇಕು, ಗುಡುಗೂ ಬೇಕು. ಆದ್ದರಿಂದ ಅಲ್ಲಿ ತಗ್ಗು ಸ್ವರಕ್ಕೆ ದೊಡ್ಡ ಕಾಗದದ ಕೋನಿನ ಪೆಟ್ಟಿಗೆ, ಮೇಲು ಸ್ವರಕ್ಕೆ ಲೋಹದ ಕಹಳೆ.

1931ರಲ್ಲಿ ‘ಆಲಂ ಆರಾ’ ಬಂತು. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಆಗಿನ ಆಂಪ್ಲಿಫೈಯರುಗಳು ಕೊಡುತ್ತಿದ್ದುದು ಹತ್ತು ಹದಿನೈದು ವಾಟಿನಷ್ಟೇ ಶಕ್ತಿ. ಅಷ್ಟರಲ್ಲೇ ಸಾವಿರ ಜನರ ಕಿವಿ ತುಂಬಬೇಕಿದ್ದರೆ ಕಹಳೆಯಲ್ಲದೆ ಬೇರೆ ಗತಿ ಇರಲಿಲ್ಲ. ಬಾಯಿಗೆ ಎರಡೂ ಕೈ ಹಿಡಿದು ದೂರದ ಗದ್ದೆಯವನನ್ನು ಕೂಗುವವನಿಗೆ ಈ ಶಾಸ್ತ್ರ ತಿಳಿದೇ ಇದೆ. ಅಮೇರಿಕೆಯ ಎಂ.ಜಿ.ಎಂ. ಸ್ಟುಡಿಯೋದಲ್ಲಿ ಡಗ್ಲಾಸ್ ಶಿಯರರ್ ಬಳಗದವರು ರೂಪಿಸಿದ ಎರಡು ದಾರಿಯ ಕಹಳೆಗೆ 1936ರ ಸಾಲಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಸಂದಿತು. 1945ರಲ್ಲಿ ಆಲ್ಟೆಕ್ ಲ್ಯಾನ್ಸಿಂಗ್ ಕಂಪೆನಿಯ ‘ವಾಯ್ಸ್ ಆಫ್ ದಿ ಥಿಯೇಟರ್’ ಬಂದ ಮೇಲೆ ಇದೇ ಮಾದರಿ ಜಗತ್ತಿನೆಲ್ಲೆಡೆ ಹಬ್ಬಿತು.

ಎರಡು ದಾರಿ ಎಂದ ಮೇಲೆ ದಾರಿ ಕವಲೊಡೆಯುವ ಜಾಗವೊಂದು ಬೇಕಷ್ಟೆ. ಸೊಲ್ಲಾಪುರದಿಂದ ಹೊರಟ ಗಾಡಿಗಳಲ್ಲಿ ಕೆಲವು ಹೋಟಗಿ ಜಂಕ್ಷನ್ನಿನಲ್ಲಿ ವಿಜಯಪುರದತ್ತ ತಿರುಗುತ್ತವೆ, ಕೆಲವು ಅಕ್ಕಲಕೋಟೆ ರೋಡಿನತ್ತ ಸಾಗುತ್ತವೆ. ಧ್ವನಿವರ್ಧಕದ ಒಳಗಿನ ಹೋಟಗಿಯೇ ಕ್ರಾಸ್‌ಓವರ್. ತಾಮ್ರದ ಸುರುಳಿ ತಗ್ಗು ಸ್ವರವನ್ನು ಬಿಟ್ಟು ಮೇಲಿನದನ್ನು ತಡೆಯುತ್ತದೆ. ಕೆಪ್ಯಾಸಿಟರು, ಅಂದರೆ ನಮ್ಮ ರಿಪೇರಿಯವರ ‘ಕಂಡೆನ್ಸರು’, ಇದಕ್ಕೆ ತದ್ವಿರುದ್ಧ. 16 ಓಮಿನ ಯೂನಿಟ್ಟುಗಳನ್ನು 500 ಹರ್ಟ್ಜಿನಲ್ಲಿ ಬೇರ್ಪಡಿಸಲು ಸುಮಾರು 20 ಮೈಕ್ರೋಫ್ಯಾರಡಿನ ಕಂಡೆನ್ಸರು, 5 ಮಿಲಿಹೆನ್ರಿಯ ಸುರುಳಿ ಬೇಕು. ಇನ್ನೂ ಖಡಾಖಂಡಿತವಾಗಿ ಬೇರ್ಪಡಿಸುವುದಾದರೆ ಪ್ರತಿ ದಾರಿಗೂ ಎರಡನ್ನೂ ಕೂಡಿಸಿ 14 ಮೈಕ್ರೋಫ್ಯಾರಡ್, 7.2 ಮಿಲಿಹೆನ್ರಿ. ಹತ್ತನೆಯ ತರಗತಿಯ ಹುಡುಗನೂ ಕಾಗದದ ಮೇಲೆ ಮಾಡಬಹುದಾದ ಲೆಕ್ಕ ಇದು.

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಗೆ ಮುಚ್ಚಿದ ಟಾಕೀಸೊಂದರಿಂದ ಇಂಥ ಜೋಡಿಯೊಂದು ಬಂತು. ಸೊನ್ನಲಿಗೆಯ ಸಿದ್ಧರಾಮನ ನಾಡಲ್ಲವೆ, ವಾರ್ಷಿಕೋತ್ಸವದಲ್ಲಿ ಮಕ್ಕಳು ವಚನ ಹೇಳುವುದು ವಾಡಿಕೆ. ಮುಂದೆ ಕುಳಿತವರಿಗೆ ‘ಶರಣ’ ಎಂದು ಕೇಳಿಸಿದ್ದು ಹಿಂದಿನ ಸಾಲಿಗೆ ಬರಿಯ ‘ಅರಣ’. ಶ, ಷ, ಸ ಅಕ್ಷರಗಳ ಜೀವವೆಲ್ಲ ಇರುವುದು ಮೇಲು ಸ್ವರದಲ್ಲಿ. ಅವನ್ನು ಹೇಳಬೇಕಾದ ಕಹಳೆ ಮೂಕವಾಗಿದ್ದರೆ ಭಾಷೆ ಅರ್ಧ ಸತ್ತಂತೆಯೇ. ಮನೆಯ ಹೊರಗೆ ಕನ್ನಡ ಕೇಳಲು ಶಾಲೆಯೊಂದೇ ಜಾಗವಾಗಿರುವ ಮಕ್ಕಳ ವಿಷಯದಲ್ಲಿ ಇದು ಸಣ್ಣ ಮಾತೇನಲ್ಲ.

ಸಲಹೆಗಳಿಗೇನೂ ಕೊರತೆ ಬೀಳಲಿಲ್ಲ. ಗುಜರಿಯವನ ಕಣ್ಣು ಸುರುಳಿಯ ತಾಮ್ರದ ಮೇಲೆ. ಡಿ.ಜೆ. ಹುಡುಗರು ಒಳಗಿನದನ್ನೆಲ್ಲ ಕಿತ್ತೆಸೆದು ಹೊಸ ಬೋರ್ಡು ಹಾಕಿರೆಂದರು. ಕಡೆಗೆ ಸೊಲ್ಲಾಪುರದ ಹಿರಿಯ ರೇಡಿಯೋ ಮೇಸ್ತ್ರಿಯೊಬ್ಬರು ಮೀಟರು ಹಿಡಿದು ಕುಳಿತರು. ಕಂಡೆನ್ಸರುಗಳ ಅಳತೆ ಮೂರರಲ್ಲೊಂದು ಪಾಲು ಕುಗ್ಗಿ, ಒಳಗಿನ ತಡೆ ಏರಿತ್ತು. ಕಹಳೆಯ ಸದ್ದನ್ನು ಹದಕ್ಕೆ ಇಳಿಸುವ ಸ್ವಿಚ್ಚಿಗೆ ಕಿಲುಬು ಹಿಡಿದಿತ್ತು. ಸುರುಳಿಗೆ ಮಾತ್ರ ಏನೂ ಆಗಿರಲಿಲ್ಲ. ತಾಮ್ರದ ತಂತಿ ಒಣಗುವ ವಸ್ತುವಲ್ಲ.

ದುರಸ್ತಿ ಎಂದರೆ ಹಳೆಯದನ್ನೆಲ್ಲ ಬದಲಿಸುವುದಲ್ಲ ಎಂಬುದು ಅವರ ಪಕ್ಷ, ನನ್ನದೂ ಅದೇ. ಅವರು ಸುರುಳಿ ಉಳಿಸಿ, ಸ್ವಿಚ್ಚು ತಿಕ್ಕಿ, ಬೆಸುಗೆಗಳನ್ನು ಹೊಸದಾಗಿ ಹಾಕಿ, ಕಂಡೆನ್ಸರನ್ನಷ್ಟೇ ಬದಲಿಸಿದರು. ಹೊಸ ಪ್ಲಾಸ್ಟಿಕ್ ಪೊರೆಯ ಕಂಡೆನ್ಸರಿನಲ್ಲಿ ಒಳತಡೆ ತೀರ ಕಡಿಮೆ. ಹಾಗೆಯೇ ಬಿಟ್ಟರೆ ಕಹಳೆ ಕಿರುಚುತ್ತದೆಂದು ಅರ್ಧ ಓಮಿನ ರೆಸಿಸ್ಟರನ್ನು ಅದರ ಜೊತೆಗೆ ಸೇರಿಸಿದರು. ಖರ್ಚು ಬಿದ್ದುದು ಹೊಸ ಬೋರ್ಡಿಗಿಂತ ಕಡಿಮೆ.

ತಂತಿಯ ಪ್ಲಸ್ ಮೈನಸ್ಸಿಗೂ ಅವರದೊಂದು ಉಪಾಯವಿತ್ತು. ಎರಡು ಮೆಟ್ಟಿಲಿನ ಕ್ರಾಸ್‌ಓವರಿನಲ್ಲಿ ಕವಲಿನ ಬಳಿ ಎರಡು ದಾರಿಯ ಸದ್ದೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಅದರ ಮೇಲೆ ಕಹಳೆ ಹಿಂದುಮುಂದಾದರೆ ಅಡಿಗೊಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ವ್ಯತ್ಯಾಸ. ಲೆಕ್ಕ ಹಾಕುತ್ತ ಕೂರುವ ಬದಲು ಅವರು 500 ಹರ್ಟ್ಜಿನ ಸ್ವರವೊಂದನ್ನು ಹಾಕಿ ಕಹಳೆಯ ತಂತಿ ಅದಲುಬದಲು ಮಾಡಿ, ದೂರ ನಿಂತು ಆಲಿಸಿದರು. ಜೋರಾಗಿ ಕೇಳಿಸಿದ್ದೇ ಸರಿಯಾದ ಜೋಡಣೆ.

ಉತ್ತಮಗೊಳಿಸುವ ಹುಮ್ಮಸ್ಸಿನಲ್ಲಿ ಜನ ಮಾಡುವ ಅವಾಂತರವೊಂದಿದೆ. ಕಹಳೆಯಿಂದಲೂ ಗುಮುಕು ಬರಲಿ ಎಂದು ದೊಡ್ಡ ಕಂಡೆನ್ಸರು ಹಾಕಿ ಕವಲನ್ನು ಕೆಳಕ್ಕಿಳಿಸುತ್ತಾರೆ. ಪ್ರತಿ ಕಹಳೆಗೂ ಅದರ ಅಳತೆಗೆ ತಕ್ಕ ಕೆಳಮಿತಿಯುಂಟು. ಅದಕ್ಕಿಂತ ತಗ್ಗಿನ ಸ್ವರಕ್ಕೆ ಗಾಳಿಯ ಆಸರೆ ತಪ್ಪಿ ಒಳಗಿನ ತೆಳು ಅಲ್ಯೂಮಿನಿಯಂ ಪೊರೆ ಮಿತಿಮೀರಿ ಕುಣಿದು ಸೀಳುತ್ತದೆ. ಎರಡು ಆಂಪ್ಲಿಫೈಯರು, ಇಲೆಕ್ಟ್ರಾನಿಕ್ ಕ್ರಾಸ್‌ಓವರು ಹಾಕುವ ಅನುಕೂಲವಿದ್ದವರೂ ಕಹಳೆಯ ದಾರಿಯಲ್ಲಿ ಕಾವಲಿಗೊಂದು ಕಂಡೆನ್ಸರನ್ನು ಬಿಟ್ಟಿರಬೇಕು.

ಹಳೆಯ ತಗಡಿನ ಡಬ್ಬಿಯ ಎಣ್ಣೆ ಕಂಡೆನ್ಸರುಗಳ ಬಗ್ಗೆಯೂ ಎಚ್ಚರ ಬೇಕು. 1970ರ ದಶಕದವರೆಗಿನ ಕೆಲವದರಲ್ಲಿ ಪಿ.ಸಿ.ಬಿ. ಎಂಬ ವಿಷದ ಎಣ್ಣೆ ಇರುತ್ತದೆ. ಅವನ್ನು ಒಡೆಯಬಾರದು, ಸುಡಲೂಬಾರದು. ಮಕ್ಕಳ ಕೈಗಂತೂ ಕೊಡಲೇಬಾರದು.

ಈ ಜೋಡಿಯ ಎಡಗಡೆಯ ಪೆಟ್ಟಿಗೆಯಿಂದ ಒಂದು ಸುರುಳಿಯನ್ನು ಟಾಕೀಸಿನಲ್ಲೇ ಯಾರೋ ಕದ್ದಿದ್ದರು. ಬಲಗಡೆಯದನ್ನು ಅಳೆದು, ಅದರ ತಂತಿಯಷ್ಟೇ ದಪ್ಪದ ತಂತಿಯಿಂದ, ಮೋಟಾರು ಸುತ್ತುವ ಅಂಗಡಿಯಲ್ಲಿ ಹೊಸತೊಂದನ್ನು ಸುತ್ತಿಸಬೇಕಾಯಿತು. ಮೊದಲ ಸಲ ಸುತ್ತಿದ್ದು ಮೀಟರಿನಲ್ಲಿ ಸ್ವಲ್ಪ ಹೆಚ್ಚು ತೋರಿಸಿತು. ಮೇಸ್ತ್ರಿ ಎಂಟು ಸುತ್ತು ಬಿಚ್ಚಿ, ತಂತಿ ಕತ್ತರಿಸಿ, ಬೆಸುಗೆ ಹಾಕಿದರು.