ಕಟ್ಟಿಗೆ ಪೆಟ್ಟಿಗೆಯಲ್ಲಿ ತೋಟ: ನೀರು ತಡೆಯಲು ಏನು ಬಳಿಯಬೇಕು?

ಕಳೆದ ಮಳೆಗಾಲದಲ್ಲಿ ನನ್ನ ತಂಗಿಗೆ ಒಂದು ಪೆಟ್ಟಿಗೆ ತೋಟ ಮಾಡಿಕೊಟ್ಟೆ. ಮೂರು ಕಡೆ ಕಟ್ಟಿಗೆ, ಮುಂದೆ ಮತ್ತು ಮೇಲೆ ಗಾಜು. ಒಳಗೆ ಮಣ್ಣು, ಪಾಚಿ, ಜರಿಗಿಡ, ಹಿತ್ತಲಲ್ಲಿ ಸಿಕ್ಕ ನಾಲ್ಕು ಬಸವನಹುಳು. ಇದಕ್ಕೆ ಟೆರೇರಿಯಂ ಎನ್ನುತ್ತಾರೆ. ಕಟ್ಟಿಗೆ ಕೊಳೆಯಬಾರದೆಂದು ಮನೆಯಲ್ಲಿ ಉಳಿದಿದ್ದ ಆಯಿಲ್ ಪೇಂಟ್ ಬಳಿದು, ವಾಸನೆ ಹೋಗುವ ಮೊದಲೇ ಮಣ್ಣು ತುಂಬಿದೆ. ಮೂರನೇ ದಿನ ಹುಳುಗಳೆಲ್ಲ ಸತ್ತಿದ್ದವು. "ಭಾಯಿ, ನೀನೇನು ಹಾಕಿದೆ ಇದಕ್ಕೆ?" ಎಂದು ತಂಗಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇಂಥ ಪೆಟ್ಟಿಗೆ ಹೊಸದಲ್ಲ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಬಾಟಲಿಯೊಳಗೆ ಜರಿಗಿಡ ಬೆಳೆಯುವುದನ್ನು ಕಂಡರು. ನಂತರ ಅವರ ಕಟ್ಟಿಗೆ-ಗಾಜಿನ ಪೆಟ್ಟಿಗೆಗಳಲ್ಲೇ ಚೀನಾದ ಚಹಾ ಗಿಡಗಳು ಹಡಗಿನಲ್ಲಿ ಭಾರತಕ್ಕೆ ಬಂದವು. ಒಳಗಿನ ನೀರು ಆವಿಯಾಗಿ, ಗಾಜಿಗೆ ಹನಿಗಟ್ಟಿ, ಮತ್ತೆ ಮಣ್ಣಿಗೆ ಇಳಿಯುತ್ತದೆ. ಹೀಗಾಗಿ ಕಟ್ಟಿಗೆ ಸದಾ ತೇವವಾಗಿರುತ್ತದೆ. ಬಣ್ಣದಿಂದ ಏಳುವ ಹಬೆಯೂ ಹಾಗೆಯೇ ಒಳಗೇ ಉಳಿಯುತ್ತದೆ. ನಾನು ಮರೆತದ್ದು ಇದನ್ನೇ.

ಈಗ ಒಂದೊಂದಾಗಿ ನೋಡೋಣ.

ಅರಗು: ಚನ್ನಪಟ್ಟಣದ ಗೊಂಬೆಗಳಿಗೆ ಹಚ್ಚುವುದು ಇದನ್ನೇ. ಗೊಂಬೆಗೆ ಒಳ್ಳೆಯದು. ಆದರೆ ಸದಾ ತೇವದಲ್ಲಿ ಬೆಳ್ಳಗಾಗಿ ಕೆಡುತ್ತದೆ.

ಆಯಿಲ್ ಪೇಂಟ್, ವಾರ್ನಿಷ್: ಇವುಗಳಲ್ಲಿ ತಿನ್ನರ್ ಇರುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಹಳೆಯ ಡಬ್ಬಿಯಂತೂ ಬೇಡ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ.

ಎಪಾಕ್ಸಿ: ರಾಳ ಮತ್ತು ಹಾರ್ಡ್‌ನರ್ ಎಂಬ ಎರಡು ಭಾಗ. ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಬೇಕು. ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ, ಆ ಅಂಟೇ ಅಪಾಯ. ಸರಿಯಾಗಿ ಗಟ್ಟಿಯಾದರೆ ತಳಕ್ಕೂ ಗೋಡೆಗೂ ಇದೇ ಉತ್ತಮ. ಕೈಗವಸು ಹಾಕಿಕೊಂಡು, ಗಾಳಿ ಆಡುವ ಕಡೆ ಬಳಿಯಿರಿ.

ಸಿಲಿಕೋನ್: ಮೂಲೆ ಮತ್ತು ಸಂದುಗಳಿಗೆ. ಬಾತ್‌ರೂಮಿನ ಸಿಲಿಕೋನ್‌ನಲ್ಲಿ ಬೂಸು ಕೊಲ್ಲುವ ಔಷಧ ಬೆರೆಸಿರುತ್ತಾರೆ, ಅದು ಬೇಡ. ಅಕ್ವೇರಿಯಂಗೆ ಎಂದು ಬರೆದಿರುವುದನ್ನೇ ಕೊಳ್ಳಿ. ಇದು ಗಾಳಿಯ ತೇವ ಹೀರಿಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ದಿನಕ್ಕೆ ಸುಮಾರು 2-3 ಮಿ.ಮೀ. ಅಷ್ಟೇ. ನಮ್ಮ ಕಡೆಯ ಬೇಸಿಗೆಯ ಒಣ ಹವೆಯಲ್ಲಿ ಇನ್ನೂ ನಿಧಾನ. ಇದರ ಮೇಲೆ ಬಣ್ಣ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ಎಪಾಕ್ಸಿ, ಕೊನೆಗೆ ಸಿಲಿಕೋನ್.

ನಮ್ಮ ಓಣಿಯ ಬಡಿಗ ಕಾಕಾ ಒಂದೇ ಮಾತಿನಲ್ಲಿ ಹೇಳಿದರು: "ತಮ್ಮಾ, ವಾಸನಿ ಹೋಗೂತನಕ ಒಳಗ ಜೀವ ಇಡಬ್ಯಾಡ."

ಎರಡನೇ ಪೆಟ್ಟಿಗೆಗೆ ಎರಡು ಕೋಟ್ ಎಪಾಕ್ಸಿ ಹಚ್ಚಿದೆ. ಸಂದುಗಳಿಗೆ ಸಿಲಿಕೋನ್ ಹಾಕಿ ಎರಡು ವಾರ ತೆರೆದಿಟ್ಟೆ. ನಂತರ ಹಳೆಯ ಪತ್ರಿಕೆಯ ಮೇಲಿಟ್ಟು ಒಂದು ದಿನ ನೀರು ನಿಲ್ಲಿಸಿ ನೋಡಿದೆ. ಪತ್ರಿಕೆ ಒದ್ದೆಯಾಗಲಿಲ್ಲ. ಮೊದಲ ತಿಂಗಳು ಬರೀ ಗಿಡ.

ವಾಣಿಜ್ಯ ವಿದ್ಯಾರ್ಥಿಯಾಗಿ ನಾನು ಮೊದಲ ಸಲ ಲೆಕ್ಕ ಹಾಕಿದ್ದು ಡಬ್ಬಿಯ ಬೆಲೆಯನ್ನು ಮಾತ್ರ. ಕಾಯುವ ದಿನಗಳನ್ನು ಖರ್ಚಿಗೆ ಸೇರಿಸಿರಲಿಲ್ಲ. ಆ ಖರ್ಚನ್ನು ನಾಲ್ಕು ಹುಳುಗಳು ತೆತ್ತವು. ಈಗ ಜರಿಗಿಡದಲ್ಲಿ ಹೊಸ ಎಲೆ ಸುರುಳಿ ಬಿಚ್ಚುತ್ತಿದೆ. ಮೊನ್ನೆ ತಂಗಿ ಎರಡು ಬಸವನಹುಳು ತಂದಳು. ಬಿಡುವ ಮೊದಲು ಪೆಟ್ಟಿಗೆಯೊಳಗೆ ತಾನೇ ಮೂಗಿಟ್ಟು ವಾಸನೆ ನೋಡಿದಳು.